ಲೈನ್ ಕ್ಲಿಯರ್

ಅರಸೀಕೆರೆ ಜಂಕ್ಷನ್ನಿನ ಹಾಸನ ಕಡೆಯ ಕ್ಯಾಬಿನ್ನಿನಲ್ಲಿ
ಮೂವತ್ತನಾಲ್ಕು ವರ್ಷ ಲಿವರು ಎಳೆದವನು ನಾನು.
ಬಲಗೈ ಈಗಲೂ ಎಡಗೈಗಿಂತ ಒಂದು ಸುತ್ತು ದಪ್ಪ.
ಹಬ್ಬನಘಟ್ಟದವರು ಗಂಟೆ ಹೊಡೆದು ಕೇಳದೆ,
ನಾವಿಲ್ಲಿ ಗಂಟೆ ಹೊಡೆದು ಒಪ್ಪದೆ
ಒಂದು ಗೂಡ್ಸೂ ಆ ಕಡೆಯಿಂದ ಕದಲಿದ್ದಿಲ್ಲ.

ಹಾಲಮ್ಮನಿಗೆ ದನಿ ಕೇಳಲು ಶುರುವಾದದ್ದು
ಎರಡನೆಯ ಬಾಣಂತನ ಮುಗಿದ ವರ್ಷ.
ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು
ಯಾರಿಗೋ "ಆಯ್ತು, ಆಯ್ತು" ಅನ್ನುತ್ತಿದ್ದಳು.
ಕ್ವಾರ್ಟರ್ಸಿನ ಹೆಂಗಸರು ಮಕ್ಕಳನ್ನು ಒಳಕ್ಕೆ ಕರೆದುಕೊಂಡರು.
ನಮ್ಮವ್ವ ನಿಂಬೆಹಣ್ಣು ನಿವಾಳಿಸಿದಳು,
ಒಬ್ಬ ಅಂತ್ರ ಕಟ್ಟಿದ, ಒಬ್ಬ ಹುಣಸೆ ಬರಲಲ್ಲಿ ಹೊಡೆದ,
ನಾನು,
ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು,
ಆ ಬರಲು ಹಿಡಿದವನ ಕೈಗೆ
ನಾನೇ ನೂರರ ನೋಟು ಇಟ್ಟೆ.
ಆಮೇಲೆ ಮಾತ್ರೆ ಬರೆಸಿಕೊಂಡದ್ದು, ಬಿಟ್ಟದ್ದು, ಎಷ್ಟು ಸಲವೋ.

ಹಾಸನದ ದೊಡ್ಡಾಸ್ಪತ್ರೆ, ಮಂಗಳವಾರ, ಚೀಟಿ ನಂಬರು ಅರವತ್ತೆರಡು.
ತಲೆಯ ಫಿಲ್ಮನ್ನು ಕಿಟಕಿಗೆ ಹಿಡಿದು ನಾನೇ ಹುಡುಕಿದೆ:
ಒಂದು ಮಚ್ಚೆ, ಒಂದು ಬಿರುಕು, ಒಳಗೆ ಕೂತ ಒಬ್ಬ ಗಂಡಸು.
ಅಡ್ಡಡ್ಡ ಕುಯ್ದ ಹೂಕೋಸು, ಅಷ್ಟೆ.
"ಇದರಲ್ಲಿ ಕಾಣುವುದಿಲ್ಲ" ಎಂದರು ಡಾಕ್ಟರ್ ನುಸ್ರತ್.
ನಮ್ಮ ಕಿರಿಮಗಳ ವಯಸ್ಸು, ಮೂಗಿನ ಮೇಲೆ ಜಾರುವ ಕನ್ನಡಕ.
ಔಷಧಿ ಚೀಟಿಯ ಬೆನ್ನಿಗೆ ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆದರು.
"ಇದು ಮಾತು ಹುಟ್ಟುವ ಜಾಗ. ಇದು ಕೇಳುವ ಜಾಗ.
ನಾವು ಮನಸ್ಸಿನಲ್ಲೇ ಮಾತಾಡಿಕೊಂಡರೂ
ಇಲ್ಲಿಂದ ಅಲ್ಲಿಗೆ ಮೊದಲೇ ಒಂದು ಸುದ್ದಿ ಹೋಗುತ್ತದೆ,
ಈಗ ಬರುವುದು ನನ್ನದೇ ಅಂತ.
ಆಗ ಕೇಳುವ ಜಾಗ ಸುಮ್ಮನಿರುತ್ತದೆ.
ಕೆಲವರಲ್ಲಿ ಆ ಸುದ್ದಿ ತಡವಾಗುತ್ತದೆ. ರೆಪ್ಪೆ ಬಡಿಯುವಷ್ಟೂ ಅಲ್ಲ,
ಅದರಲ್ಲೊಂದು ಚೂರು.
ಈಗೀಗ ಅದನ್ನು ಅಳೆಯುತ್ತಿದ್ದಾರೆ.
ಇದೊಂದೇ ಕಾರಣ ಅಂತ ಯಾರೂ ಆಣೆಯಿಡುವುದಿಲ್ಲ, ನಾನೂ ಇಡುವುದಿಲ್ಲ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ.
"ಲೈನ್ ಕ್ಲಿಯರ್ ಬಂದಿಲ್ಲ ಅನ್ನಿ, ಮೇಡಂ!"
ನಮ್ಮೂರಿಂದಲೇ ಹೊರಟ ಗಾಡಿ
ಗಂಟೆಯಿಲ್ಲದೆ ನಮ್ಮೂರಿಗೇ ಬಂದು ನಿಂತರೆ
ಯಾವ ಕ್ಯಾಬಿನ್ನಿನವನು ತಾನೇ ಅದನ್ನು ತನ್ನದು ಅಂದಾನು?
ಹಾಲಮ್ಮ ನನ್ನತ್ತ ನೋಡಿದಳು, ಬೈಯುವ ಮುಂಚಿನ ನೋಟ.
ಬೈಯಲಿಲ್ಲ.
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ನನ್ನ ಕೆಲಸದ ಮಾತಿಗೆ ಕಿವಿಗೊಟ್ಟಿದ್ದಳು.

ವಾಪಸ್ಸು ಪ್ಯಾಸೆಂಜರಿನಲ್ಲಿ, ಬಾಗೇಶಪುರ ದಾಟುವಾಗ, ಲೆಕ್ಕ ಹಾಕುತ್ತ ಕೂತೆ.
ತಂತಿ ಕೆಟ್ಟರೆ ಲೈನ್‌ಮನ್ನನ್ನು ಕರೆಸುತ್ತೇವೆ,
ಕಂಬಕ್ಕೆ ಹುಣಸೆ ಬರಲಲ್ಲಿ ಬಾರಿಸುತ್ತೇವಾ?

ಸರಿ, ಗಾಡಿ ಗಂಟೆಯಿಲ್ಲದೆ ಬಂತು.
ಅದರೊಳಗೆ ಏನಿತ್ತು?
ಅದನ್ನು ಯಾವ ಮೆಷೀನೂ ಇಳಿಸಿ ನೋಡಿಲ್ಲ. ನಾನೂ ಕೇಳಿರಲಿಲ್ಲ.
ಹಬ್ಬನಘಟ್ಟಕ್ಕೆ ಮುಂಚೆ ಕೇಳಿದೆ: "ಏನನ್ನುತ್ತೆ ಅದು?"
ಸೆರಗಿನಿಂದ ಕಡಲೆಕಾಯಿ ಸಿಪ್ಪೆ ಕೊಡವುತ್ತ ಹೇಳಿದಳು,
"ಗೇಟು ಹಾಕಿಲ್ಲ ಅನ್ನುತ್ತೆ. ಗಂಡಸಿನ ದನಿ.
ರಾತ್ರಿಯೆಲ್ಲ. ಗೇಟು ಹಾಕಿಲ್ಲ, ಗೇಟು ಹಾಕಿಲ್ಲ."

ಆ ವರ್ಷ ನನಗೆ ನೈಟ್ ಡ್ಯೂಟಿ.
ಹಗಲು ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂಗುತ್ತಿದ್ದೆನಂತೆ.
ಏನೆಂದು ಕೂಗುತ್ತಿದ್ದೆ ಅಂತ ಯಾರೂ ಹೇಳಿರಲಿಲ್ಲ.

ಮಾತ್ರೆ ನಡೆದಿದೆ. ಬಾಯಿ ಒಣಗುತ್ತದೆ, ಮೈ ಭಾರ.
ದನಿ ಈಗ ಪಕ್ಕದ ಮನೆಗೆ ಹೋಗಿದೆ, ಊರು ಬಿಟ್ಟಿಲ್ಲ.
ಬಂದಾಗ ಗಂಟಲಿಗೆ ಬೆರಳಿಟ್ಟುಕೊಂಡು ನಿಲ್ಲುತ್ತಾಳೆ,
ಹಳಿಗೆ ಅಂಗೈಯೂರಿ ನಾವು ದೂರದ ಗಾಡಿಯನ್ನು ಹಿಡಿಯುತ್ತಿದ್ದ ಹಾಗೆ.
ನೆನ್ನೆ ನನ್ನ ಕೈಯನ್ನೇ ಎಳೆದು ಇಟ್ಟುಕೊಂಡಳು:
"ನೋಡ್ರೀ, ಅದುರುತ್ತಾ? ನಂದೇನಾ?"
ಅದುರುತ್ತಿದ್ದದ್ದು ಅವಳ ಗಂಟಲೋ ನನ್ನ ಬೆರಳೋ
ಗೊತ್ತಾಗಲಿಲ್ಲ.
"ನಮ್ದೇ" ಅಂದೆ.
"ಹಂಗಾದ್ರೆ ಒಂದ್ಸಲ ಗೇಟು ನೋಡ್ಕೊಂಡು ಬನ್ನಿ" ಅಂದಳು.
ಚಪ್ಪಲಿ ಮೆಟ್ಟಿಕೊಂಡು ಹೋದೆ.
ಹಾಕಿತ್ತು.